ಗೆಳತಿಯ ಪರವಾಗಿ ಬಂದ ಫೋನು

ಅಕ್ಕಾ,

ನೀನೆಲ್ಲಿದ್ದೀಯೋ! ವಿಳಾಸವಿಲ್ಲದ ಈ ಕಾಗದ ನನ್ನ ಮೇಜಿನ ಖಾನೆಯನ್ನೂ ದಾಟುವುದಿಲ್ಲ. ಆದರೂ ಇವತ್ತಿನದನ್ನು ನಿನಗಲ್ಲದೆ ಯಾರಿಗೆ ಹೇಳಲಿ?

ನೀನು ನೋಡೇ ಇರದ ನನ್ನ ಮಗಳು ಈಗ ರೇಡಿಯೊದಲ್ಲಿ ಮಾತಾಡುತ್ತಾಳೆ. ಮೈನೆರೆಯುವ ವಯಸ್ಸಿನ ಮಕ್ಕಳು ಮನೆಯಲ್ಲಿ ಬಾಯಿಬಿಡಲಾಗದ್ದನ್ನೆಲ್ಲ ಫೋನ್ ಮಾಡಿ ಕೇಳುತ್ತಾರೆ. ತರಬೇತಿ ಪಡೆದ ಅದೇ ವಯಸ್ಸಿನವರು ಉತ್ತರ ಹೇಳುತ್ತಾರೆ. ಹತ್ತು ಸಲ ಕೂಗಿದರೂ ನನಗೆ ಓಗೊಡದವಳು ಅಲ್ಲಿ ಎಷ್ಟು ತಾಳ್ಮೆಯಿಂದ ಕೇಳಿಸಿಕೊಳ್ಳುತ್ತಾಳೆ ಅಂತೀಯ!

ಸಂಜೆ ನಾನೂ ಅಮ್ಮನೂ ಒಗೆದ ಬಟ್ಟೆ ಮಡಿಸುತ್ತಾ ಕೇಳುತ್ತಿದ್ದೆವು. ಹುಡುಗಿಯೊಬ್ಬಳು ಫೋನಿನಲ್ಲಿ ಪಿಸುಗುಟ್ಟಿದಳು: "ನನ್ನ ಗೆಳತಿಗೆ ಈ ತಿಂಗಳು ಮುಟ್ಟಾಗಿಲ್ಲ. ಪಾಪ, ಅವಳಿಗೆ ತುಂಬಾ ಭಯ."

ಅಮ್ಮನ ಕೈ ಅಲ್ಲೇ ನಿಂತಿತು. ನೀನೂ ಅಡುಗೆಮನೆ ಬಾಗಿಲಲ್ಲಿ ನಿಂತು ಇದೇ ಮಾತು ಹೇಳಿದ್ದೆ. "ಯಾವ ಗೆಳತಿ? ಹೆಸರು ಹೇಳು" ಎಂದು ಅಮ್ಮ ಗದರಿದ್ದಳು. ಮರುದಿನ ನೀನು ಮನೆಯಲ್ಲಿರಲಿಲ್ಲ.

ನನ್ನ ಮಗಳ ದನಿ ಮಾತ್ರ ಒಂಚೂರೂ ಬದಲಾಗಲಿಲ್ಲ. "ಫೋನ್ ಮಾಡಿದ್ದು ಒಳ್ಳೇದಾಯ್ತು ಕಣೇ. ಮುಟ್ಟು ತಡ ಆಗೋಕೆ ಬೇರೆ ಕಾರಣಾನೂ ಇರುತ್ತೆ, ಪರೀಕ್ಷೆ ಮಾಡಿಸಿದ್ರೆ ಗೊತ್ತಾಗುತ್ತೆ. ನಾಳೆ ನಿನ್ನ ಗೆಳತಿ ಆಸ್ಪತ್ರೆಗೆ ಬರಲಿ. ನಾನು ಬಾಗಿಲಲ್ಲೇ ಇರ್ತೀನಿ. ಅಲ್ಲಿ ಯಾರೂ ಬೈಯಲ್ಲ."

ಆಮೇಲೆ ಹಾಡು ಶುರುವಾಯಿತು. ಮಡಿಸಿಟ್ಟಿದ್ದ ಟವೆಲನ್ನೇ ಅಮ್ಮ ಬಿಚ್ಚಿ ಮತ್ತೆ ಮಡಿಸಿದಳು. ಸ್ವಲ್ಪ ಹೊತ್ತಿನ ಮೇಲೆ ನನ್ನ ಮುಖ ನೋಡದೆ ಹೇಳಿದಳು:

"ನೋಡಿದ್ಯಾ, ಯಾವ ಗೆಳತಿ ಅಂತ ಇವಳು ಕೇಳ್ಲೇ ಇಲ್ಲ."