ಎಚ್ಚರವಿರಿಸಲು ಆಡಿದ ಮಾತು

ಜೂನ್ 3, ಮಧ್ಯಾಹ್ನ 1.30
ಅಕ್ಷರ ಕೋಳಿ ಕೆದರಿದ ಹಾಗಿದೆ, ತಪ್ಪುಗಳೂ ಇರುತ್ತವೆ. ಕ್ಷಮಿಸಬೇಕು. ಯಾರು ಕ್ಷಮಿಸುವುದು, ಓದುವವರೇ ಇಲ್ಲ... ಐದನೇ ಕ್ಲಾಸಿನ ನಂತರ ಪೆನ್ನು ಹಿಡಿದದ್ದೇ ಈಗ. ಇವರು ನಾಮಕ್ಕಲ್‌ನಿಂದ ಪಾಲಕ್ಕಾಡಿಗೆ ಮೊಟ್ಟೆ ಲಾರಿ ಓಡಿಸುತ್ತಾರೆ. ಒಬ್ಬರೇ. ಓನರು ಕ್ಲೀನರನ್ನು ಕೊಡುವುದಿಲ್ಲ. ಊಟವಾದ ಮೇಲೆ ತೂಕಡಿಕೆ. ಆಗ ನಾನು ಫೋನಿನಲ್ಲಿ ಮಾತಾಡುತ್ತಲೇ ಇರಬೇಕು. ನಮ್ಮ ಬೀದಿಯ ಡ್ರೈವರುಗಳ ಹೆಂಡತಿಯರೆಲ್ಲ ಹಾಗೇ. ನನಗೋ ಮಾತೇ ಬಾರದು. ಅದಕ್ಕೇ ಹೇಳಬೇಕಾದ್ದನ್ನು ಮೊದಲೇ ಬರೆದಿಡುವುದು.

ಜೂನ್ 5
ನಲ್ಲಿ ಜಗಳ ಹೇಳಿದೆ. ಸಾರಿಗೆ ಉಪ್ಪು ಹೆಚ್ಚಾದದ್ದು ಹೇಳಿದೆ.
"ಇಷ್ಟೇನಾ ಅಮ್ಮಣಿ? ಇನ್ನೂ ಇಪ್ಪತ್ತು ಕಿಲೋಮೀಟರ್ ಐತೆ!"
ಮಾತಿನಲ್ಲೇ ಆ ಸಾರನ್ನು ಮತ್ತೊಂದು ಸಲ ಮಾಡಿ ಬಡಿಸಿದೆ. ನಿದ್ದೆ ಬರಲಿಲ್ಲವಂತೆ. ಖುಷಿ.

ಜೂನ್ 9, ಸಂಜೆ
ಆಡು ಅತ್ತೆಯ ವೋಟಿನ ಚೀಟಿ ತಿಂದದ್ದನ್ನು, ಅತ್ತೆ ಕೋಲು ಹಿಡಿದು ಅದರ ಹಿಂದೆ ಓಡಿದ್ದನ್ನು ಹೇಳಿದೆ.
"ಹಂಗಾದ್ರೆ ಈ ಸಲ ಆಡೇ ವೋಟ್ ಹಾಕೋದಾ?" ಎಂದು ನಕ್ಕರು. ನಗು ಮುಗಿಯುವ ಮೊದಲೇ ಬ್ರೇಕಿನ ಸದ್ದು. ಹೆಂಗಸಿನ ಕೂಗು. ಫೋನ್ ಕಟ್ ಆಗಲಿಲ್ಲ. ಎಲ್ಲ ಕೇಳಿಸಿತು —

ಜೂನ್ 16
ಜಾಮೀನಿನ ಮೇಲೆ ಬಂದರು. ರಸ್ತೆ ದಾಟುತ್ತಿದ್ದ ಅಜ್ಜಿ. ತೊಡೆಮೂಳೆ ಮುರಿದಿದೆ. ಜೀವಕ್ಕೆ ಭಯವಿಲ್ಲವಂತೆ. ನಡೆಯುತ್ತಾಳೋ ಇಲ್ಲವೋ, ಡಾಕ್ಟರು ಹೇಳುತ್ತಿಲ್ಲ.
"ತೂಕಡಿಸಿದ್ರಾ?"
"ಇಲ್ಲ ಅಮ್ಮಣಿ. ಕಣ್ಣು ಬಿಟ್ಕೊಂಡೇ ಇದ್ದೆ. ರಸ್ತೆ ಕಾಣ್ಲಿಲ್ಲ. ನಮ್ಮ ಅಂಗಳ ಕಾಣ್ತಿತ್ತು, ಆಡು, ಅವ್ವ ಕೋಲು ಹಿಡ್ಕೊಂಡು ಓಡೋದು..."
ಬೈದಿದ್ದರೆ ಚೆನ್ನಾಗಿತ್ತು.

ಜೂನ್ 28, ಬೆಳಿಗ್ಗೆ 9
ಇವತ್ತಿನಿಂದ ಮತ್ತೆ ಲಾರಿ.
"ಎರಡು ಗಂಟೆಗೆ ಫೋನ್ ಮಾಡು."
"ಮಾಡಲ್ಲ. ನಿದ್ದೆ ಬಂದ್ರೆ ಗಾಡಿ ಪಕ್ಕಕ್ಕೆ ಹಾಕಿ ಮಲ್ಕೊಳ್ಳಿ."
"ಲೇಟಾದ್ರೆ ಓನರ್ ಬೈತಾನೆ."
"ಬೈಸ್ಕೊಳ್ಳಿ."
ಮದುವೆಯಾದ ಮೇಲೆ ಎದುರು ಮಾತಾಡಿದ್ದು ಇದೇ ಮೊದಲು. ಊಟದ ಡಬ್ಬಿ ಎತ್ತಿಕೊಂಡು ಹೋದರು. ಮಲಗುತ್ತಾರೋ, ಕಣ್ಣು ಎಳೆಯುತ್ತಿದ್ದರೂ ಓಡಿಸುತ್ತಾರೋ. ಎರಡು ಗಂಟೆಗೆ ನನ್ನ ಕೈ ಸುಮ್ಮನಿರುವುದಿಲ್ಲ, ಗೊತ್ತು. ಫೋನನ್ನು ಪಕ್ಕದ ಮನೆಯ ಪೊನ್ನಿಯಕ್ಕನಿಗೆ ಕೊಟ್ಟೆ.
"ಯಾಕೇ, ಗಂಡನ ಜೊತೆ ಮಾತು ಬಿಟ್ಟೆಯಾ?"
ಹೂಂ ಎಂದೆ. ಸಂಜೆಯವರೆಗೆ ನಾನೇ ಬಂದು ಅತ್ತರೂ ಕೊಡಬೇಡಿ ಎಂದು ಹೇಳಿ ಬಂದೆ —