ನಾಗಶ್ರೀಯ ಕ್ಷಮಾಪಣೆ ಪತ್ರ

ನವೆಂಬರ್ 18, ಮಂಗಳವಾರ

ಹೆಡ್ಮಾಸ್ಟರ್ ಶಿವಮಲ್ಲಪ್ಪನ ಮುಖ ನೆನೆದರೆ ಈಗಲೂ ಮೈ ಉರಿಯುತ್ತದೆ. ಹತ್ತನೇ ಕ್ಲಾಸಿಗೆ ಇಂಗ್ಲಿಷಿನಲ್ಲಿ ವಿಡಂಬನೆ ಹೇಳಿಕೊಟ್ಟು, ಒಂದು ಪತ್ರ ಬರೆಯಿರಿ ಎಂದಿದ್ದೆ. ನಾಗಶ್ರೀ ಆನೆಯ ಹೆಸರಿನಲ್ಲಿ ಫಾರೆಸ್ಟ್ ಆಫೀಸಿಗೆ ಬರೆದಳು: ಸೋಲಾರ್ ಬೇಲಿ ರಿಪೇರಿ ಮಾಡದೆ ಬಿಟ್ಟದ್ದಕ್ಕೆ ವಂದನೆಗಳು, ಮುಸುಕಿನ ಜೋಳ ರುಚಿಯಾಗಿತ್ತು. ಅದು ಅವಳಪ್ಪನ ಜೋಳ. ಮೆಚ್ಚಿ ಗೋಡೆಗೆ ಅಂಟಿಸಿದ್ದೆ.

ಇವತ್ತು ಆತ ಅದನ್ನು ಕಿತ್ತುಕೊಂಡು ಬಂದ. "ಇಂಗ್ಲಿಷ್ ಕಲ್ಸಿ ಅಂದ್ರೆ ಕೊಂಕು ಕಲಿಸ್ತಿದ್ದೀರಲ್ಲ ಮೇಡಂ. ಅವಳ ಕೈಲೇ ಫಾರೆಸ್ಟ್ ಆಫೀಸಿಗೆ ಕ್ಷಮಾಪಣೆ ಬರೆಸಿ, ಇಂಗ್ಲಿಷಲ್ಲೇ." ಹುಡುಗಿಯ ಎದುರಿಗೇ ಹೇಳಿದ. ನಾನೇ ಅವಳ ಕೈಗೆ ಬಿಳಿ ಹಾಳೆ ಕೊಟ್ಟೆ. ಅದಕ್ಕೇ ಹೆಚ್ಚು ಉರಿ.

ನಾಗಶ್ರೀ ಹತ್ತೇ ನಿಮಿಷದಲ್ಲಿ ಬರೆದಳು: ಆನೆಯ ದಾರಿಯಲ್ಲಿ ಹೊಲ ಇಟ್ಟುಕೊಂಡದ್ದು ನಮ್ಮದೇ ತಪ್ಪು. ಮುಂದಿನ ಸಲ ಜೋಳ ಬೇಯಿಸಿ, ಉಪ್ಪು ಹಾಕಿ ಇಟ್ಟಿರುತ್ತೇವೆ. ರಾತ್ರಿ ಆನೆ ಓಡಿಸಲು ಕೂಗಾಡಿ ತಮ್ಮ ನಿದ್ದೆ ಕೆಡಿಸಿದ್ದಕ್ಕೆ ಕ್ಷಮಿಸಿ.

"ಸರ್ಯಾಗದಾ ಮಿಸ್?" ಅಂದಳು. ಮುಖದಲ್ಲಿ ನಗುವಿರಲಿಲ್ಲ.

ಶಿವಮಲ್ಲಪ್ಪ 'ರೆಸ್ಪೆಕ್ಟೆಡ್ ಸರ್' ಇದೆಯೇ ಎಂದಷ್ಟೇ ನೋಡಿದ. ಅಕ್ಷರ ದುಂಡಗಿದೆ ಎಂದ. ಕೆಳಗೆ ತಾನೇ ಸಹಿ ಮಾಡಿ ಶಾಲೆಯ ಸೀಲು ಒತ್ತಿದ. "ನೋಡಿದ್ರಾ ಮೇಡಂ, ಹಿಂಗ್ ಕಲಿಸ್ಬೇಕು."

ಕೊಳ್ಳೇಗಾಲದ ಬಸ್ಸು ಹತ್ತುವ ಮುಂಚೆ ನಾನೇ ಅದನ್ನು ಪೋಸ್ಟ್ ಡಬ್ಬಿಗೆ ಹಾಕಿದೆ. ಉತ್ತರ ಬಂದರೆ, ಸಹಿ ಮಾಡಿದವನೇ ಓದಿಕೊಳ್ಳಲಿ.