ಹತ್ತೊಂಬತ್ತೇ ಸಾಕಿತ್ತು

ನವೆಂಬರ್ 14, ಗುರುವಾರ. ಹೇಸ್.

ಗಂಡ ರುದ್ರೇಶ ಇವತ್ತು ನನಗೊಂದು ಉಪಕಾರ ಮಾಡಿದ. ಸಿಟ್ಟು ಇನ್ನೂ ಇಳಿದಿಲ್ಲ.

ಆನ್‌ಲೈನ್ ಆಟದಲ್ಲಿ ಎರಡು ವರ್ಷದಿಂದ ನಾನು ಹತ್ತೊಂಬತ್ತನೇ ಲೆವೆಲ್‌ನಲ್ಲೇ ಇದ್ದೆ. ಬೇಕೆಂದೇ ಇದ್ದೆ. ಲೆವೆಲ್ ಏರದಂತೆ ತಡೆಯುವ ಬಟನ್ ಒಂದಿದೆ, ಅದನ್ನು ಒತ್ತಿಟ್ಟಿದ್ದೆ. ಹತ್ತೊಂಬತ್ತರವರಿಗೇ ಮೀಸಲಾದ ಪಂದ್ಯ ಶನಿವಾರ. ಇಲ್ಲೇ ಪಕ್ಕದೂರು ಗ್ರೀನ್‌ಫರ್ಡಿನ ಪ್ರಿಯಾಂಕಾ ನನ್ನ ಜೋಡಿ.

ಸಂಜೆ ಲ್ಯಾಪ್‌ಟಾಪ್ ತೆರೆದಿಟ್ಟು ಸ್ನಾನಕ್ಕೆ ಹೋದೆ. ಬರುವಷ್ಟರಲ್ಲಿ ರುದ್ರೇಶ ಆ ಬಟನ್ ಆಫ್ ಮಾಡಿ, ಕಾಡುಹಂದಿಗಳನ್ನು ಕೊಂದು, ನನ್ನನ್ನು ಇಪ್ಪತ್ತಕ್ಕೆ ಏರಿಸಿದ್ದ. ಏರಿದವರು ಇಳಿಯುವ ದಾರಿ ಆ ಆಟದಲ್ಲಿಲ್ಲ.

“ಪಾಪ, ಅಲ್ಲೇ ಸಿಕ್ಕೊಂಡಿದ್ದಿ. ಅದಕ್ಕ ಒಂದೀಟು ಕೈ ಹಚ್ಚಿದೆ” ಎಂದ.

“ಆ ಬಟನ್ ಒತ್ತಿದ್ದು ನಾನ. ನನಗ ಅಷ್ಟ ಸಾಕಿತ್ತು.”

“ಸಂಕೋಚ ಮಾಡ್ಕೊಂಡಿ ಅಂತ ತಿಳದಿದ್ದೆ.”

ಆಟದ ಜೊತೆ ಸಂಕೋಚ. ತಪ್ಪು ಅವನದಲ್ಲ, ವಿಜಯಪುರದ ನನ್ನ ಅತ್ತೆಮನೆಯದು. ಅಲ್ಲಿ ಊಟಕ್ಕೆ ಕೂತವರು ಸಾಕು ಎಂದರೆ ಇನ್ನೊಂದು ಹೋಳಿಗೆ ಬೀಳುತ್ತದೆ. ತಾಟಿನ ಮೇಲೆ ಬೋರಲು ಮಲಗಿದರೂ ಬೆನ್ನಿಗೆ ತುಪ್ಪ ಸುರಿಯುತ್ತಾರೆ.

ಪ್ರಿಯಾಂಕಾಗೆ ಏನು ಹೇಳಲಿ?

ರಾತ್ರಿ ಫ್ರಿಜ್ಜಿನಲ್ಲಿದ್ದ ಹೋಳಿಗೆಯನ್ನೆಲ್ಲ ಬಿಸಿ ಮಾಡಿದೆ. ರುದ್ರೇಶ ಎರಡು ತಿಂದು, ಡಯಟ್ ಎಂದು ಕೈ ಅಡ್ಡ ಹಿಡಿದ. ಕೈಯ ಮೇಲೇ ಮೂರನೆಯದನ್ನು ಇಟ್ಟೆ.

“ಸಾಕ ಅಂದ್ನೆಲ್ಲ, ಗುರುದೇವಿ.”

“ಪಾಪ, ಎರಡರಾಗ ಸಿಕ್ಕೊಂಡಿದ್ರಿ” ಎಂದು ತುಪ್ಪ ಸುರಿದೆ.

ನಾಲ್ಕನೆಯದಕ್ಕೆ ಅವನ ಕೈ ತಾನಾಗಿಯೇ ಸರಿಯಿತು. ಐದನೆಯದನ್ನು ಕೇಳಿ ಹಾಕಿಸಿಕೊಂಡ. ಇದು ಶಿಕ್ಷೆ ಎಂದು ಈ ಮನುಷ್ಯನಿಗೆ ಯಾರಾದರೂ ಹೇಳಬಾರದೇ?